ಹಾಸ್ಯ ಸರಣಿಗಳ ಗಳಿಕೆ: ಕೋಟಿಯ ಪಕ್ಕದಲ್ಲಿ ಟಿಕೆಟ್ ಲೆಕ್ಕವೂ ಇರಲಿ

ಸಂಪಾದಕರಿಗೆ,

ಮಾನ್ಯರೇ,

ಹಾಸ್ಯ ಚಿತ್ರ ಸರಣಿಯೊಂದರ ಹೊಸ ಭಾಗ ತೆರೆಗೆ ಬಂದಾಗಲೆಲ್ಲ ಸಿನಿಮಾ ಪುಟಗಳಲ್ಲಿ ಒಂದು ಕೋಷ್ಟಕ ಕಾಣಿಸಿಕೊಳ್ಳುತ್ತದೆ. ಮೊದಲ ಭಾಗ ಇಷ್ಟು ಕೋಟಿ, ಎರಡನೆಯದು ಇಷ್ಟು, ಮೂರನೆಯದು ಇಷ್ಟು. ಕೊನೆಯ ಅಂಕಿ ದೊಡ್ಡದಿದ್ದರೆ 'ದಾಖಲೆ ಧೂಳೀಪಟ' ಎಂಬ ಶೀರ್ಷಿಕೆ, ತುಸು ಚಿಕ್ಕದಿದ್ದರೆ 'ಸರಣಿಯ ಕಸುವು ಮುಗಿಯಿತು' ಎಂಬ ತೀರ್ಪು. ಎರಡೂ ತೀರ್ಮಾನಗಳು ನಿಂತಿರುವುದು ಕೋಟಿಗಳ ಒಂದೇ ಕಾಲಂ ಮೇಲೆ. ಹತ್ತು, ಇಪ್ಪತ್ತು, ಇಪ್ಪತ್ತೈದು ವರ್ಷ ನಡೆದ ಸರಣಿಗೆ ಈ ಒಂದು ಕಾಲಂ ಸಾಲದು. ಎಷ್ಟೋ ಸಲ ಅದು ನಿಜಕ್ಕೆ ತದ್ವಿರುದ್ಧವಾದುದನ್ನೇ ಹೇಳುತ್ತದೆ. ಕೊಟ್ಟಿರುವ ಅಂಕಿ ಗ್ರಾಸೋ, ನೆಟ್ಟೋ, ಹಂಚಿಕೆದಾರರ ಶೇರೋ ಎಂಬುದು, ಎಷ್ಟು ಟಿಕೆಟ್ ಹೋದವು ಎಂಬುದು, ಚಿತ್ರಕ್ಕೆ ತಗಲಿದ ಖರ್ಚು ಎಷ್ಟು ಎಂಬುದು, ಈ ಮೂರೂ ಪಕ್ಕದಲ್ಲಿ ಬರಬೇಕು. ಏಕೆ ಎಂಬುದನ್ನು ಸ್ವಲ್ಪ ವಿವರವಾಗಿಯೇ ಬರೆಯುತ್ತಿದ್ದೇನೆ. ಜಾಗ ಹೆಚ್ಚು ಹಿಡಿದರೂ ಗಮನಿಸಬೇಕೆಂದು ಕೋರುತ್ತೇನೆ.

ಮೊದಲು ನಮ್ಮ ದೇಶದ ಲೆಕ್ಕ. ಪ್ರೇಕ್ಷಕ ಕೌಂಟರ್‌ನಲ್ಲಿ 236 ರೂಪಾಯಿ ಕೊಟ್ಟ ಎಂದುಕೊಳ್ಳಿ. ಇದರಲ್ಲಿ ಶೇ 18ರ ಜಿಎಸ್‌ಟಿ 36 ರೂಪಾಯಿ, ಟಿಕೆಟ್‌ನ ಮೂಲ ಬೆಲೆ 200. ಗ್ರಾಸ್ ಎಂದರೆ 236, ನೆಟ್ ಎಂದರೆ 200. ಆ 200ರಲ್ಲಿ ಮೊದಲ ವಾರ ಮಲ್ಟಿಪ್ಲೆಕ್ಸ್ ಅರ್ಧ ಇಟ್ಟುಕೊಂಡು ಅರ್ಧವನ್ನು ಹಂಚಿಕೆದಾರನಿಗೆ ಕೊಡುತ್ತದೆ. ಅಲ್ಲಿಗೆ 236 ರೂಪಾಯಿಯ ಟಿಕೆಟ್‌ನಿಂದ ಚಿತ್ರದ ಕಡೆಗೆ ಹೊರಳುವುದು 100 ರೂಪಾಯಿ. ಇದೇ ಶೇರ್. ಡಿಜಿಟಲ್ ಪ್ರೊಜೆಕ್ಷನ್‌ನ ಶುಲ್ಕ, ಪ್ರಚಾರದ ಖರ್ಚು, ಹಂಚಿಕೆದಾರನ ಕಮಿಷನ್ ಇನ್ನೂ ಕಳೆಯಬೇಕು. ಆನ್‌ಲೈನ್‌ನಲ್ಲಿ ಬುಕ್ ಮಾಡಿದವರು ಕೊಡುವ ಕನ್ವೀನಿಯನ್ಸ್ ಫೀ ಈ ಯಾವ ಅಂಕಿಯೊಳಗೂ ಬರುವುದಿಲ್ಲ. ಹೀಗಿರುವಾಗ ಒಂದು ಭಾಗಕ್ಕೆ 'ವಿಶ್ವದಾದ್ಯಂತ ಗ್ರಾಸ್', ಇನ್ನೊಂದಕ್ಕೆ 'ಭಾರತದ ನೆಟ್' ಹಾಕಿ ಅಕ್ಕಪಕ್ಕ ಅಚ್ಚು ಮಾಡಿದರೆ ಆ ಕೋಷ್ಟಕವನ್ನು ಓದಿ ಪ್ರಯೋಜನವಿಲ್ಲ. ಅಚ್ಚಾಗುವ ತಪ್ಪುಗಳಲ್ಲಿ ಹೆಚ್ಚಿನವು ಇದೇ ಜಾತಿಯವು.

ತೆರಿಗೆಯೂ ನಿಂತಲ್ಲಿ ನಿಂತಿಲ್ಲ. 2017ರ ಜುಲೈ 1ಕ್ಕೆ ಮುಂಚೆ ಮನರಂಜನಾ ತೆರಿಗೆ ರಾಜ್ಯಕ್ಕೊಂದು ದರದಲ್ಲಿತ್ತು. ಜಿಎಸ್‌ಟಿ ಬಂದಾಗ 100 ರೂಪಾಯಿಗಿಂತ ಹೆಚ್ಚಿನ ಟಿಕೆಟ್‌ಗೆ ಶೇ 28, 100 ಮತ್ತು ಅದಕ್ಕಿಂತ ಕಡಿಮೆಯದಕ್ಕೆ ಶೇ 18 ಆಯಿತು. 2019ರ ಜನವರಿ 1ರಿಂದ ಇವು ಶೇ 18 ಮತ್ತು ಶೇ 12ಕ್ಕೆ ಇಳಿದವು. 2025ರ ಸೆಪ್ಟೆಂಬರ್ 22ರಿಂದ ಕೆಳಗಿನ ದರ ಶೇ 5 ಆಗಿದೆ. ಚಿತ್ರಮಂದಿರಕ್ಕೆ 200 ರೂಪಾಯಿ ಮೂಲ ಬೆಲೆ ಉಳಿಯಲು 2017ರ ಕೊನೆಯಲ್ಲಿ ಪ್ರೇಕ್ಷಕ 256 ಕೊಡಬೇಕಿತ್ತು, 2019ರ ನಂತರ 236 ಸಾಕು. ಅಂದರೆ ಆ ಎರಡು ಕಾಲದ ಗ್ರಾಸ್ ಅಂಕಿಗಳ ನಡುವೆ ಶೇ 8ಕ್ಕಿಂತ ಹೆಚ್ಚು ವ್ಯತ್ಯಾಸ ಬರೀ ತೆರಿಗೆಯದು. ಜನ ಹೆಚ್ಚಾದರೋ ಕಡಿಮೆಯಾದರೋ ಎಂಬುದಕ್ಕೂ ಇದಕ್ಕೂ ಸಂಬಂಧವೇ ಇಲ್ಲ.

ವಾರಗಳ ಲೆಕ್ಕ ಇನ್ನೂ ಮುಖ್ಯ. 2009ರಲ್ಲಿ ಹಿಂದಿ ನಿರ್ಮಾಪಕರಿಗೂ ಮಲ್ಟಿಪ್ಲೆಕ್ಸ್ ಮಾಲೀಕರಿಗೂ ಪಾಲಿನ ವಿಷಯದಲ್ಲಿ ಜಟಾಪಟಿ ನಡೆದು, ಏಪ್ರಿಲ್‌ನಿಂದ ಜೂನ್ ಆರಂಭದವರೆಗೆ ದೊಡ್ಡ ಚಿತ್ರಗಳ ಬಿಡುಗಡೆಯೇ ನಿಂತುಹೋಗಿತ್ತು. ಆಮೇಲೆ ಆದ ಒಪ್ಪಂದದಲ್ಲಿ ನೆಟ್ ಗಳಿಕೆಯ ಮೇಲೆ ಹಂಚಿಕೆದಾರನ ಪಾಲು ಮೊದಲ ವಾರ ಶೇ 50, ಎರಡನೇ ವಾರ ಶೇ 42.5, ಮೂರನೇ ವಾರ ಶೇ 37.5, ಮುಂದಕ್ಕೆ ಶೇ 30 ಎಂದು ನಿಂತಿತು. ಗಳಿಕೆ ಒಂದು ಮಟ್ಟ ದಾಟಿದರೆ ಪಾಲು ತುಸು ಏರುತ್ತದೆ, ಅದನ್ನು ಸದ್ಯಕ್ಕೆ ಬಿಡೋಣ. ಈಗ ತಲಾ 200 ಕೋಟಿ ನೆಟ್ ಮಾಡಿದ ಎರಡು ಚಿತ್ರಗಳನ್ನು ಕಲ್ಪಿಸಿಕೊಳ್ಳಿ. ಒಂದು ಮೊದಲ ವಾರವೇ 130 ಕೋಟಿ ಬಾಚಿ, ಆಮೇಲೆ 45, 18, 7 ಎಂದು ಕುಸಿಯಿತು. ಇನ್ನೊಂದು 80, 60, 35, 25 ಎಂದು ನಿಧಾನವಾಗಿ ನಡೆಯಿತು. ಮೊದಲನೆಯದರ ಶೇರ್ ಸುಮಾರು 93 ಕೋಟಿ, ಎರಡನೆಯದರದ್ದು ಸುಮಾರು 86 ಕೋಟಿ. ಜನ ಮೆಚ್ಚಿ, ಮನೆಯವರನ್ನೆಲ್ಲ ಕರೆದುಕೊಂಡು ಮತ್ತೆ ಬಂದ ಚಿತ್ರಕ್ಕೆ ಏಳು ಕೋಟಿ ಕಡಿಮೆ! ಹಾಸ್ಯ ಸರಣಿಯ ನಿರ್ಮಾಪಕರು ಓಪನಿಂಗ್‌ಗೆ, ಅಂದರೆ ಮೊದಲ ದಿನಗಳ ಗಳಿಕೆಗೆ, ಅಷ್ಟೊಂದು ಜೋತುಬೀಳುವುದಕ್ಕೆ, ಹಬ್ಬದ ವಾರಕ್ಕಾಗಿ ಎರಡು ವರ್ಷ ಮೊದಲೇ ಟವೆಲ್ ಹಾಕುವುದಕ್ಕೆ ಈ ಪಾಲಿನ ಮೆಟ್ಟಿಲೇ ಕಾರಣ. ಸರಣಿಯ ಹೆಸರಿಗೆ ಇರುವ ಬೆಲೆಯೂ ಇಲ್ಲೇ. ಹೆಸರು ಕೇಳಿಯೇ ಬರುವವರು ಮೊದಲ ವಾರದಲ್ಲಿ ಬರುತ್ತಾರೆ, ಆ ವಾರದ ಟಿಕೆಟ್‌ಗೆ ಪಾಲು ಹೆಚ್ಚು.

ಆದ್ದರಿಂದ ಓಪನಿಂಗ್ ದೊಡ್ಡದಾದ ಮಾತ್ರಕ್ಕೆ ಹೊಸ ಭಾಗವನ್ನು ಜನ ಮೆಚ್ಚಿದರು ಎನ್ನಲಾಗದು. ಓಪನಿಂಗ್‌ನಲ್ಲಿ ಕಾಣುವುದು ಹಿಂದಿನ ಭಾಗವನ್ನು ಜನ ಎಷ್ಟು ಇಷ್ಟಪಟ್ಟಿದ್ದರು ಎಂಬುದು. ಈ ಭಾಗದ ಬಗ್ಗೆ ಜನರ ಅಭಿಪ್ರಾಯ ತಿಳಿಯಬೇಕಾದರೆ ಸೋಮವಾರದ ಗಳಿಕೆ ನೋಡಬೇಕು. ಸೋಮವಾರ, ಶುಕ್ರವಾರದ ಅರ್ಧಕ್ಕಿಂತ ಮೇಲಿದ್ದರೆ ಚಿತ್ರ ನಿಂತಿದೆ ಎಂದು ವ್ಯಾಪಾರದವರು ಸಾಮಾನ್ಯವಾಗಿ ಎಣಿಸುತ್ತಾರೆ. ಅದಕ್ಕಿಂತಲೂ ಸರಳವಾದದ್ದು, ಒಟ್ಟು ನೆಟ್ ಗಳಿಕೆಯನ್ನು ಮೊದಲ ವಾರಾಂತ್ಯದ ಗಳಿಕೆಯಿಂದ ಭಾಗಿಸುವುದು. ಭಾಗ ಒಂದರಿಂದ ಭಾಗ ಐದರವರೆಗೆ ಈ ಗುಣಕವನ್ನು ಸಾಲಾಗಿ ಬರೆದುಕೊಂಡರೆ ಸರಣಿ ಏರುತ್ತಿದೆಯೋ ಸೋರುತ್ತಿದೆಯೋ ತಿಳಿಯುತ್ತದೆ. ಕೋಟಿಗಳು ಏರುತ್ತಲೇ ಇದ್ದು ಗುಣಕ ಇಳಿಯುತ್ತ ಬಂದರೆ, ಜನ ಹೆಸರಿಗಾಗಿ ಬಂದು ಬೇಸರದಿಂದ ಹೋಗುತ್ತಿದ್ದಾರೆ ಎಂದರ್ಥ. ಅದರ ಏಟು ಬೀಳುವುದು ಮುಂದಿನ ಭಾಗದ ಮೇಲೆ.

ಆದರೆ 'ಮೊದಲ ದಿನ', 'ಮೊದಲ ವಾರಾಂತ್ಯ' ಎಂಬುದನ್ನೂ ಕಣ್ಣುಮುಚ್ಚಿ ಹೋಲಿಸಬಾರದು. ಹಿಂದಿಯ 'ಗೋಲ್‌ಮಾಲ್' ಸರಣಿಯನ್ನೇ ತೆಗೆದುಕೊಳ್ಳಿ. ಮೊದಲ ಚಿತ್ರ 2006ರ ಜುಲೈ 14ರಂದು, ಯಾವ ಹಬ್ಬವೂ ಇಲ್ಲದ ಒಂದು ಶುಕ್ರವಾರ ಬಂತು. ಎರಡನೆಯದು 2008ರ ಅಕ್ಟೋಬರ್ 29, ದೀಪಾವಳಿಯ ಮರುದಿನ, ಬುಧವಾರ. ಅದರ 'ಮೊದಲ ವಾರಾಂತ್ಯ' ಐದು ದಿನದ್ದು. ಮೂರನೆಯದು 2010ರ ನವೆಂಬರ್ 5, ಲಕ್ಷ್ಮೀಪೂಜೆಯ ದಿನವೇ. ಉತ್ತರ ಭಾರತದಲ್ಲಿ ಆ ಸಂಜೆ ಜನ ಮನೆಬಿಟ್ಟು ಹೊರಡುವುದಿಲ್ಲ, ಸಂಜೆ ಮತ್ತು ರಾತ್ರಿ ಆಟಗಳು ಸೊರಗುತ್ತವೆ. ನಾಲ್ಕನೆಯದು 2017ರ ಅಕ್ಟೋಬರ್ 20, ಲಕ್ಷ್ಮೀಪೂಜೆ ಮುಗಿದ ಮರುದಿನ, ಶುಕ್ರವಾರ. ಹಬ್ಬದ ಜನ ಮಧ್ಯಾಹ್ನದಿಂದಲೇ ಚಿತ್ರಮಂದಿರದತ್ತ ಹೊರಳುವ ದಿನ ಅದು. ನಾಲ್ಕೂ ಚಿತ್ರಗಳ ಮೊದಲ ದಿನದ ಗಳಿಕೆಯನ್ನು ಒಂದರ ಕೆಳಗೊಂದು ಬರೆದರೆ ಅಲ್ಲಿ ಕಾಣುವುದರಲ್ಲಿ ಒಂದು ದೊಡ್ಡ ಪಾಲು ಪಂಚಾಂಗದ್ದು.

ಇದೇ ಸರಣಿಯ ಮೂರನೇ ಚಿತ್ರ ಭಾರತದಲ್ಲಿ 100 ಕೋಟಿ ನೆಟ್ ದಾಟಿತು, ನಾಲ್ಕನೆಯದು 200 ಕೋಟಿ ದಾಟಿತು. ಏಳು ವರ್ಷದಲ್ಲಿ ಎರಡು ಪಟ್ಟು. ಹಾಗಾದರೆ ನೋಡಿದವರೂ ಎರಡು ಪಟ್ಟಾದರೇ? ಟಿಕೆಟ್ ದರ ವರ್ಷಕ್ಕೆ ಶೇ 7ರಂತೆ ಏರಿದೆ ಎಂದು ಲೆಕ್ಕಕ್ಕೋಸ್ಕರ ಇಟ್ಟುಕೊಂಡರೆ, ಏಳು ವರ್ಷಕ್ಕೆ ದರ 1.6 ಪಟ್ಟು. ಹಣ ಎರಡು ಪಟ್ಟು, ದರ 1.6 ಪಟ್ಟು ಎಂದಾದರೆ ಟಿಕೆಟ್ ಹೆಚ್ಚಾದದ್ದು ಕಾಲು ಭಾಗದಷ್ಟು ಮಾತ್ರ. ಅದೂ ಸಣ್ಣ ಸಾಧನೆಯಲ್ಲ. ನಾಲ್ಕನೇ ಭಾಗಕ್ಕೆ ಮೂರನೆಯದಕ್ಕಿಂತ ಹೆಚ್ಚು ಜನ ಬಂದರೆ ಅದು ಗಟ್ಟಿ ಸರಣಿಯೇ. ಆದರೆ 'ದುಪ್ಪಟ್ಟು' ಎಂಬ ಮಾತಿಗೂ 'ಕಾಲು ಭಾಗ ಹೆಚ್ಚು' ಎಂಬ ಮಾತಿಗೂ ಬಹಳ ಅಂತರವಿದೆ. ನಮ್ಮಲ್ಲಿ ಟಿಕೆಟ್ ಸಂಖ್ಯೆಯನ್ನು ಚಿತ್ರವಾರು ಪ್ರಕಟಿಸುವ ಅಧಿಕೃತ ಪದ್ಧತಿ ಇಲ್ಲದಿರುವುದರಿಂದಲೇ ಈ ಗೊಂದಲ ಮುಂದುವರಿದಿದೆ. ನಿರ್ಮಾಪಕರು ಪೋಸ್ಟರ್‌ನಲ್ಲಿ ಹಾಕುವುದು ಅವರದೇ ಅಂಕಿ, ಟ್ರೇಡ್ ಜಾಲತಾಣಗಳು ಕೊಡುವುದು ಅಂದಾಜು. ಒಂದು ಕೊಂಡರೆ ಒಂದು ಉಚಿತ ಎಂಬ ಕೊಡುಗೆಯಲ್ಲಿ ಉಚಿತ ಟಿಕೆಟ್‌ನ ಹಣವನ್ನು ನಿರ್ಮಾಪಕರೇ ಕಟ್ಟಿಕೊಡುವುದುಂಟು. ಆಗ ಗಳಿಕೆಯಲ್ಲಿ ಅವರದೇ ದುಡ್ಡು ಅವರಿಗೇ ಮರಳಿ ಎಣಿಕೆಯಾಗುತ್ತದೆ.

ಟಿಕೆಟ್ ಸಂಖ್ಯೆ ಇದ್ದರೆ ಸರಣಿಯೊಂದರ ಚರಿತ್ರೆ ಎಷ್ಟು ಸ್ಪಷ್ಟವಾಗುತ್ತದೆ ಎಂಬುದಕ್ಕೆ ಜಗತ್ತಿನ ಅತಿ ದೀರ್ಘ ಹಾಸ್ಯ ಸರಣಿಗಳಲ್ಲಿ ಒಂದಾದ ಜಪಾನಿನ 'ಟೋರಾಸಾನ್' ಚಿತ್ರಗಳಿಗಿಂತ ಒಳ್ಳೆಯ ಉದಾಹರಣೆ ಇಲ್ಲ. ಟೋಕಿಯೊದ ಶಿಬಾಮಾತಾ ಎಂಬ ಹಳೆಯ ಬಡಾವಣೆಯ ಸಿಹಿತಿಂಡಿ ಅಂಗಡಿಯ ಮನೆಯವನು, ಊರೂರು ತಿರುಗಿ ಬೀದಿಯಲ್ಲಿ ವ್ಯಾಪಾರ ಮಾಡುವ ಟೋರಾಜಿರೊ, ಅಂದರೆ ಟೋರಾಸಾನ್, ಇದರ ನಾಯಕ. ಪ್ರತಿ ಚಿತ್ರದಲ್ಲೂ ಮನೆಗೆ ಮರಳುತ್ತಾನೆ, ಜಗಳ ಮಾಡುತ್ತಾನೆ, ಒಬ್ಬಳನ್ನು ಪ್ರೀತಿಸುತ್ತಾನೆ, ಕೈಗೂಡದೆ ಮತ್ತೆ ಹೊರಟುಹೋಗುತ್ತಾನೆ. ಯೋಜಿ ಯಮಾದಾ ಸೃಷ್ಟಿಸಿದ ಈ ಪಾತ್ರವನ್ನು ಕಿಯೋಶಿ ಅತ್ಸುಮಿ 1969ರ ಆಗಸ್ಟ್‌ನಿಂದ 1995ರ ಡಿಸೆಂಬರ್‌ವರೆಗೆ 48 ಚಿತ್ರಗಳಲ್ಲಿ ಮಾಡಿದರು. ಮೂರನೆಯದು ಮತ್ತು ನಾಲ್ಕನೆಯದನ್ನು ಬಿಟ್ಟರೆ ನಿರ್ದೇಶನವೂ ಯಮಾದಾ ಅವರದೇ. ತಯಾರಿಸಿದ್ದು ಶೋಚಿಕು ಸಂಸ್ಥೆ.

ಈ ಸರಣಿಯ ಪ್ರತಿ ಚಿತ್ರಕ್ಕೂ ಎಷ್ಟು ಜನ ಬಂದರು ಎಂಬ ಲೆಕ್ಕ ಇದೆ. ಮೊದಲ ಚಿತ್ರಕ್ಕೆ 5.43 ಲಕ್ಷ. 1970ರ ಆಗಸ್ಟ್‌ನ ಐದನೆಯದಕ್ಕೆ 7.27 ಲಕ್ಷ. 1971ರ ಕೊನೆಯ ಎಂಟನೆಯದಕ್ಕೆ 14.81 ಲಕ್ಷ. 1972ರ ಆಗಸ್ಟ್‌ನಲ್ಲಿ ಬಂದ ಒಂಬತ್ತನೆಯದರಲ್ಲಿ ಆಗಿನ ಜನಪ್ರಿಯ ತಾರೆ ಸಯೂರಿ ಯೋಶಿನಾಗಾ ಇದ್ದರು, 18.89 ಲಕ್ಷ. ಹತ್ತನೆಯದು 21.11 ಲಕ್ಷ, ಹನ್ನೊಂದನೆಯದು 23.95 ಲಕ್ಷ. 1973ರ ಡಿಸೆಂಬರ್‌ನ ಹನ್ನೆರಡನೆಯದು 24.19 ಲಕ್ಷ. ಸರಣಿಯಲ್ಲಿ ಇದೇ ಗರಿಷ್ಠ. ಈ ಏರಿಕೆಯನ್ನು ಒಂದು ಗಳಿಗೆ ನಿಂತು ನೋಡಬೇಕು. ಮೊದಲ ಚಿತ್ರ ಬಾಂಬ್ ಸಿಡಿದಂತೆ ಗೆದ್ದದ್ದಲ್ಲ. ನಾಲ್ಕು ವರ್ಷ, ಹನ್ನೆರಡು ಚಿತ್ರ ಹಿಡಿಯಿತು ಶಿಖರ ಮುಟ್ಟಲು. ಎರಡನೇ ಭಾಗ ಮೊದಲನೆಯದಕ್ಕಿಂತ ಹೆಚ್ಚು ಗಳಿಸದಿದ್ದರೆ ಸರಣಿಯನ್ನೇ ಕೈಬಿಡುವ ಇಂದಿನ ರೂಢಿಯಲ್ಲಿ ಟೋರಾಸಾನ್ ಉಳಿಯುತ್ತಿದ್ದನೇ ಎಂಬ ಪ್ರಶ್ನೆ ಕಾಡುತ್ತದೆ.

ಈಗ ಹಣಕ್ಕೆ ಬನ್ನಿ. ಜಪಾನಿನಲ್ಲಿ ಟಿಕೆಟ್‌ನ ಸರಾಸರಿ ದರ 1970ರಲ್ಲಿ 324 ಯೆನ್, 1980ರಲ್ಲಿ 1,009 ಯೆನ್, 1995ರಲ್ಲಿ 1,243 ಯೆನ್. ಕೊನೆಯ, 48ನೆಯ ಚಿತ್ರಕ್ಕೆ ಬಂದವರು 17 ಲಕ್ಷ. ಐದನೇ ಚಿತ್ರಕ್ಕೆ ಹೋಲಿಸಿದರೆ ಟಿಕೆಟ್ 2.3 ಪಟ್ಟು. ಸರಾಸರಿ ದರದಿಂದ ಗುಣಿಸಿದರೆ ಹಣ ಸುಮಾರು 9 ಪಟ್ಟು. ಹಣದ ಕಾಲಂ ಮಾತ್ರ ನೋಡುವವನಿಗೆ 25 ವರ್ಷದಲ್ಲಿ ಸರಣಿ ಒಂಬತ್ತು ಪಟ್ಟು ಬೆಳೆದಂತೆ ಕಾಣುತ್ತದೆ. ಅದೇ ಹನ್ನೆರಡನೇ ಚಿತ್ರಕ್ಕೆ ಹೋಲಿಸಿದರೆ ಟಿಕೆಟ್ ಶೇ 30ರಷ್ಟು ಕಡಿಮೆ, ಆದರೆ ನಡುವೆ ದರ ಸುಮಾರು ಎರಡು ಪಟ್ಟಾಗಿದ್ದರಿಂದ ಹಣದಲ್ಲಿ ಕೊನೆಯದೇ ಮುಂದೆ. ಜನ ಕಡಿಮೆಯಾದ ಕಡೆ ಕೋಷ್ಟಕ 'ಏರಿಕೆ' ಎನ್ನುತ್ತದೆ.

ಹಾಗಾದರೆ ಕೊನೆಯ ಹೊತ್ತಿಗೆ ಸರಣಿ ಬಡವಾಗಿತ್ತೇ? ಟಿಕೆಟ್ ಸಂಖ್ಯೆಯೊಂದನ್ನೇ ನೋಡಿದರೆ ಹೌದು ಎನ್ನಬೇಕಾಗುತ್ತದೆ, ಆದರೆ ಅದೂ ಪೂರ್ಣ ಸತ್ಯವಲ್ಲ. ಇನ್ನೊಂದು ಮೆಟ್ಟಿಲು ಹತ್ತಬೇಕು. ಆ ವರ್ಷ ದೇಶದಲ್ಲಿ ಒಟ್ಟು ಎಷ್ಟು ಟಿಕೆಟ್ ಮಾರಾಟವಾದವು ಎಂದು ಕೇಳಬೇಕು. ಜಪಾನಿನಲ್ಲಿ 1958ರಲ್ಲಿ 112.7 ಕೋಟಿ ಟಿಕೆಟ್ ಹೋಗಿದ್ದವು. ಟೆಲಿವಿಷನ್ ಬಂದ ಮೇಲೆ ಅದು ಕುಸಿದು 1974ರಲ್ಲಿ 18.57 ಕೋಟಿಗೆ, 1996ರಲ್ಲಿ 12 ಕೋಟಿಗೂ ಕೆಳಗೆ ಬಂತು. 1996ರದ್ದೇ ಅಲ್ಲಿಯವರೆಗಿನ ತಳ. ಟೋರಾಸಾನ್ ಚಿತ್ರ ಡಿಸೆಂಬರ್ ಕೊನೆಯಲ್ಲಿ ಬಿಡುಗಡೆಯಾಗಿ ಹೊಸ ವರ್ಷದ ರಜೆಯಲ್ಲಿ ಓಡುವುದರಿಂದ ಅದರ ಹೆಚ್ಚಿನ ಟಿಕೆಟ್‌ಗಳು ಮರುವರ್ಷಕ್ಕೆ ಸೇರುತ್ತವೆ. ಆದ್ದರಿಂದ ಹನ್ನೆರಡನೆಯದನ್ನು 1974ರ ಜೊತೆಗೂ, 48ನೆಯದನ್ನು 1996ರ ಜೊತೆಗೂ ಇಡಬೇಕು. ಇಟ್ಟು ನೋಡಿದರೆ, ದೇಶದಲ್ಲಿ ಮಾರಾಟವಾದ ಪ್ರತಿ ನೂರು ಟಿಕೆಟ್‌ಗೆ ಹನ್ನೆರಡನೇ ಚಿತ್ರದ ಪಾಲು 1.30, ನಲವತ್ತೆಂಟನೆಯದರ ಪಾಲು 1.42. ಇಪ್ಪತ್ತೆರಡು ವರ್ಷ, ಮೂವತ್ತಾರು ಚಿತ್ರಗಳ ನಂತರವೂ ಚಿತ್ರಮಂದಿರಕ್ಕೆ ಹೋಗುವವರ ನಡುವೆ ಆ ಸರಣಿಯ ಹಿಡಿತ ಸಡಿಲವಾಗಿರಲಿಲ್ಲ. ಖಾಲಿಯಾಗುತ್ತಿದ್ದದ್ದು ಚಿತ್ರಮಂದಿರ. ಈ ಒಂದು ಭಾಗಾಕಾರ ಮಾಡದೆ ಸರಣಿ ಮುದಿಯಾಯಿತು ಎಂದು ಬರೆಯುವುದು ಆ ಕಲಾವಿದರಿಗೆ ಮಾಡುವ ಅನ್ಯಾಯ.

ಒಟ್ಟು 48 ಚಿತ್ರಗಳಿಗೆ ಬಂದವರು 7 ಕೋಟಿ 95 ಲಕ್ಷ 73 ಸಾವಿರ. ಸರಾಸರಿ ಚಿತ್ರಕ್ಕೆ 16.58 ಲಕ್ಷ. ಅತ್ಸುಮಿ 1996ರ ಆಗಸ್ಟ್ 4ರಂದು ತೀರಿಕೊಂಡದ್ದರಿಂದ ಸರಣಿ ನಿಂತಿತೇ ಹೊರತು ಜನ ಕೈಬಿಟ್ಟದ್ದರಿಂದಲ್ಲ. ಅವರ ಕೊನೆಯ ಚಿತ್ರದ 17 ಲಕ್ಷ ಈ ಸರಾಸರಿಗಿಂತ ಮೇಲಿದೆ.

ಇಂಥ ಸ್ಥಿರತೆ ಬಂದದ್ದು ಹೇಗೆ ಎಂಬುದರಲ್ಲೂ ವ್ಯಾಪಾರದ ಪಾಠವಿದೆ. ಒಂದು, ಬಿಡುಗಡೆಯ ದಿನ. ಮೊದಲ ಕೆಲವು ವರ್ಷ ಬಿಟ್ಟರೆ, ಆಗಸ್ಟ್‌ನ ಓಬೊನ್ ಹಬ್ಬಕ್ಕೊಂದು, ಹೊಸ ವರ್ಷಕ್ಕೊಂದು, ಮನೆಮಂದಿಯೆಲ್ಲ ಊರಿನಲ್ಲಿ ಸೇರುವ ಎರಡೂ ಹೊತ್ತಿಗೆ ಒಂದೊಂದು ಚಿತ್ರ. 1986ರ ಬೇಸಗೆಯಲ್ಲಿ ಯಮಾದಾ ಬೇರೆ ಚಿತ್ರದಲ್ಲಿದ್ದಾಗ ಒಂದು ಸರದಿ ತಪ್ಪಿತು. 1989ರ ಕೊನೆಯಿಂದ ವರ್ಷಕ್ಕೆ ಒಂದೇ ಆಯಿತು. ಎರಡು, ಖರ್ಚು. ಅಂಗಡಿ ಮತ್ತು ಮನೆಯ ಸೆಟ್ ಅದೇ, ಅಕ್ಕಪಕ್ಕದ ಪಾತ್ರಗಳು ಅವೇ, ಶೋಚಿಕುವಿನ ಓಫುನಾ ಸ್ಟುಡಿಯೊದ ತಂಡ ಅದೇ. ಹೊಸ ಖರ್ಚು ಎಂದರೆ ಪ್ರತಿ ಚಿತ್ರಕ್ಕೂ ಬದಲಾಗುವ ನಾಯಕಿ ಮತ್ತು ಹೊರಾಂಗಣದ ಊರು. ಜನ ಹೊಸತನಕ್ಕಾಗಿ ಬರುತ್ತಿದ್ದುದೂ ಆ ಎರಡಕ್ಕೇ. ಹೊಸತಾಗಬೇಕಾದ ಕಡೆ ಮಾತ್ರ ಹಣ ಹಾಕಿ, ಉಳಿದ ಕಡೆ ಹಳೆಯದನ್ನೇ ಪ್ರೀತಿಯಿಂದ ಉಳಿಸಿಕೊಂಡದ್ದು ಈ ಸರಣಿಯ ಜಾಣ್ಮೆ. ನಮ್ಮ ಈಗಿನ ಹಾಸ್ಯ ಸರಣಿಗಳಲ್ಲಿ ಭಾಗದಿಂದ ಭಾಗಕ್ಕೆ ತಾರೆಯರ ಸಂಖ್ಯೆ, ವಿದೇಶಿ ಲೊಕೇಶನ್, ಗ್ರಾಫಿಕ್ಸ್ ಎಲ್ಲವೂ ಏರುತ್ತವೆ. ಆಗ ಗಳಿಕೆ ಶೇ 20 ಏರಿ ಖರ್ಚು ಶೇ 60 ಏರಿದರೆ, 'ಸರಣಿಯಲ್ಲೇ ಅತಿ ಹೆಚ್ಚು ಗಳಿಕೆ' ಎಂಬ ಹೆಗ್ಗಳಿಕೆಯ ಚಿತ್ರವೇ ಹಂಚಿಕೆದಾರನಿಗೆ ನಷ್ಟ ತಂದಿರಬಹುದು. ಮಿನಿಮಮ್ ಗ್ಯಾರಂಟಿ, ಅಂದರೆ ಚಿತ್ರ ಓಡಲಿ ಬಿಡಲಿ ಇಷ್ಟು ಎಂದು ಒಪ್ಪಿದ ಹಣ, ಕೊಟ್ಟು ಹಕ್ಕು ಕೊಂಡವನಿಗೆ ದಾಖಲೆಯಿಂದ ಏನೂ ಆಗಬೇಕಿಲ್ಲ, ಕೊಟ್ಟ ಹಣಕ್ಕಿಂತ ಶೇರ್ ಹೆಚ್ಚು ಬಂದರೆ ಅವನು ಉಳಿದ.

ಟೋರಾಸಾನ್ ಅಂಕಿಗಳನ್ನು ಬಳಸುವಾಗ ಎರಡು ಎಚ್ಚರಿಕೆ ಬೇಕು. ಆ ಕಾಲದ ಜಪಾನಿನಲ್ಲಿ ಒಂದೇ ಟಿಕೆಟ್‌ಗೆ ಎರಡು ಚಿತ್ರ ತೋರಿಸುವ ಪದ್ಧತಿ ಇತ್ತು. ಟೋರಾಸಾನ್ ಜೊತೆಗೂ ಒಂದು ಜೋಡಿ ಚಿತ್ರ ಇರುತ್ತಿತ್ತು. 1988ರ ಡಿಸೆಂಬರ್‌ನಿಂದ ಆ ಜಾಗಕ್ಕೆ 'ತ್ಸುರಿಬಾಕಾ ನಿಶ್ಶಿ' ಎಂಬ ಮೀನು ಹಿಡಿಯುವ ಹುಚ್ಚಿನ ಗುಮಾಸ್ತನ ಹಾಸ್ಯ ಚಿತ್ರಗಳು ಬಂದವು. ಟೋರಾಸಾನ್ ನಿಂತ ಮೇಲೂ ಆ ಸರಣಿ 2009ರವರೆಗೆ ನಡೆದು 22 ಚಿತ್ರ ಮುಟ್ಟಿತು. ಹಾಗಾಗಿ ಆ ವರ್ಷಗಳ ಜೋಡಿ ಪ್ರದರ್ಶನದ ಟಿಕೆಟ್ ಎರಡೂ ಚಿತ್ರಗಳಿಗೆ ಸೇರಿದ್ದು, ಎರಡೂ ಸರಣಿಗಳ ಲೆಕ್ಕಕ್ಕೆ ಅದನ್ನೇ ಹಾಕಿ ಕೂಡಿಸಿದರೆ ಒಬ್ಬನೇ ಪ್ರೇಕ್ಷಕ ಇಬ್ಬರಾಗುತ್ತಾನೆ. ಎರಡನೇ ಎಚ್ಚರಿಕೆ ಹಣದ ಅಂಕಿಯದು. 48 ಚಿತ್ರಗಳಿಗೆ 4,643 ಕೋಟಿ ಯೆನ್ ಎಂದು ಬರುವ ಮೊತ್ತ ಕೌಂಟರ್‌ನಲ್ಲಿ ಬಿದ್ದ ಹಣವಲ್ಲ, ವಿತರಕ ಸಂಸ್ಥೆಗೆ ಬಂದ ಪಾಲು. ಭಾಗಿಸಿದರೆ ತಲೆಗೆ 583 ಯೆನ್. ಜಪಾನಿನ ಚಿತ್ರೋದ್ಯಮ 1999ರವರೆಗೆ ಹೀಗೆ ವಿತರಕರ ಪಾಲನ್ನೇ ಪ್ರಕಟಿಸುತ್ತಿತ್ತು, 2000ದಿಂದ ಗ್ರಾಸ್ ಪ್ರಕಟಿಸತೊಡಗಿತು. ಇದನ್ನು ತಿಳಿಯದೆ ಹಳೆಯ ಪಾಲನ್ನು ಹೊಸ ಗ್ರಾಸ್ ಪಕ್ಕದಲ್ಲಿಟ್ಟರೆ ಹಳೆಯ ಚಿತ್ರಗಳೆಲ್ಲ ಹೆಚ್ಚುಕಡಿಮೆ ಅರ್ಧಕ್ಕೆ ಕುಗ್ಗುತ್ತವೆ.

ಇದಕ್ಕೆ ಪೂರ್ತಿ ಬೇರೆಯಾದ ದಾರಿ ಬ್ರಿಟನ್ನಿನ 'ಕ್ಯಾರಿ ಆನ್' ಸರಣಿಯದು. ನಿರ್ಮಾಪಕ ಪೀಟರ್ ರೋಜರ್ಸ್, ನಿರ್ದೇಶಕ ಜೆರಾಲ್ಡ್ ಥಾಮಸ್ ಸೇರಿ 1958ರಿಂದ 1978ರವರೆಗೆ 30 ಚಿತ್ರ ಮಾಡಿದರು. 1992ರಲ್ಲಿ ಇನ್ನೊಂದು ಸೇರಿ 31. ಮೊದಲ ಚಿತ್ರಕ್ಕೆ ತಗಲಿದ್ದು ಸುಮಾರು 74,000 ಪೌಂಡ್. ಅದು ಆ ವರ್ಷ ಬ್ರಿಟನ್ನಿನಲ್ಲಿ ಅತಿ ಹೆಚ್ಚು ಓಡಿದ ಚಿತ್ರಗಳ ಸಾಲಿಗೆ ಸೇರಿತು. 1959ರ ಎರಡನೆಯದು, ಆಸ್ಪತ್ರೆಯ ಕಥೆಯದು, ಆ ವರ್ಷದ ಮೊದಲ ಸ್ಥಾನಕ್ಕೇ ಬಂತು. ಖರ್ಚನ್ನು ರೋಜರ್ಸ್ ಬಿಗಿಯಾಗಿ ಹಿಡಿದಿದ್ದರು. ಮುಖ್ಯ ನಟರಿಗೆ ಚಿತ್ರಕ್ಕೆ 5,000 ಪೌಂಡ್, ನಟಿಯರಿಗೆ 2,500, ಲಾಭದಲ್ಲಿ ಪಾಲಿಲ್ಲ. ವರ್ಷಗಟ್ಟಲೆ ಆ ಮೊತ್ತ ಅಲುಗಲಿಲ್ಲ. ಇದು ನ್ಯಾಯವಾಗಿರಲಿಲ್ಲ ಎಂದು ಹೇಳಲೇಬೇಕು. ಆ ಮುಖಗಳಿಗಾಗಿಯೇ ಜನ ಬರುತ್ತಿದ್ದದ್ದು. ಇದರ ಮೇಲೆ ಬ್ರಿಟನ್ನಿನಲ್ಲಿ ಟಿಕೆಟ್ ಹಣದ ಒಂದು ಅಂಶವನ್ನು ಸಂಗ್ರಹಿಸಿ, ಸ್ವದೇಶಿ ಚಿತ್ರಗಳ ನಿರ್ಮಾಪಕರಿಗೆ ಅವರವರ ಗಳಿಕೆಗೆ ತಕ್ಕಂತೆ ಹಂಚುವ 'ಈಡಿ ಲೆವಿ' ಎಂಬ ವ್ಯವಸ್ಥೆ ಇತ್ತು. 1957ರಲ್ಲಿ ಶಾಸನವಾಗಿ 1985ರವರೆಗೆ ನಡೆಯಿತು. ಕಡಿಮೆ ಖರ್ಚಿನಲ್ಲಿ ತಯಾರಾಗಿ ಹೆಚ್ಚು ಜನ ನೋಡುವ ಹಾಸ್ಯ ಚಿತ್ರಕ್ಕೆ ಇದು ವರದಾನ. ಕ್ಯಾರಿ ಆನ್ ಲಾಭದ ಲೆಕ್ಕ ಬರೆಯುವವರು ಈ ಆದಾಯವನ್ನು ಬಿಟ್ಟರೆ ಲೆಕ್ಕ ಕೂಡುವುದಿಲ್ಲ.

ಸರಣಿಯ ಹೆಸರಿನ ಬಲ ಎಷ್ಟು ಎಂಬುದಕ್ಕೂ ಇಲ್ಲೊಂದು ಸಾಕ್ಷಿ ಇದೆ. 1960ರ ದಶಕದ ನಡುವೆ ವಿತರಣೆ ಆಂಗ್ಲೋ ಅಮಾಲ್ಗಮೇಟೆಡ್‌ನಿಂದ ರ‍್ಯಾಂಕ್ ಸಂಸ್ಥೆಗೆ ಹೋದಾಗ ಎರಡು ಚಿತ್ರಗಳು 'ಕ್ಯಾರಿ ಆನ್' ಎಂಬ ಹೆಸರಿಲ್ಲದೆ ತೆರೆಗೆ ಬಂದವು. ತಂಡ ಅದೇ, ಹಾಸ್ಯ ಅದೇ. ಬಳಿಕ ಆ ಹೆಸರನ್ನು ಎರಡಕ್ಕೂ ಮತ್ತೆ ಸೇರಿಸಲಾಯಿತು.

ಕೊನೆಕೊನೆಗೆ ಈ ಸರಣಿ ಸೋತಿತು ಎಂಬುದು ನಿಜ. 1976ರ 'ಕ್ಯಾರಿ ಆನ್ ಇಂಗ್ಲೆಂಡ್' ಕೆಲವು ಚಿತ್ರಮಂದಿರಗಳಿಂದ ಕೆಲವೇ ದಿನಗಳಲ್ಲಿ ಎತ್ತಂಗಡಿಯಾಯಿತು. ಹಳೆಯ ಮುಖಗಳು ಒಬ್ಬೊಬ್ಬರಾಗಿ ಹೋಗಿದ್ದವು, ಹಾಸ್ಯ ದ್ವಂದ್ವಾರ್ಥದ ಮಾತಿನಿಂದ ಅಶ್ಲೀಲದ ಕಡೆಗೆ ಜಾರಿ ಮನೆಮಂದಿ ದೂರವಾದರು. ಆದರೆ ಆ ಸೋಲನ್ನು ಅಳೆಯುವಾಗಲೂ ಬ್ರಿಟನ್ನಿನ ಒಟ್ಟು ಟಿಕೆಟ್ 1958ರ ಸುಮಾರು 75 ಕೋಟಿಯಿಂದ 1978ರ ಹೊತ್ತಿಗೆ ಸುಮಾರು 12.6 ಕೋಟಿಗೆ, ಅಂದರೆ ಆರನೇ ಒಂದಕ್ಕೆ ಇಳಿದಿತ್ತು ಎಂಬುದನ್ನು ಮರೆಯಬಾರದು. ಜಪಾನಿನ ಕುಸಿತದ ಬಹುಭಾಗ ಟೋರಾಸಾನ್ ಹುಟ್ಟುವ ಮೊದಲೇ ಆಗಿಹೋಗಿತ್ತು. ಕ್ಯಾರಿ ಆನ್ ಇಡೀ ಆಯಸ್ಸು ಕುಸಿಯುವ ನೆಲದ ಮೇಲೆಯೇ ಕಳೆಯಿತು. ಎರಡನ್ನೂ ಒಂದೇ ಗಜಕಡ್ಡಿಯಿಂದ ಅಳೆಯುವಂತಿಲ್ಲ.

ಟಿವಿ ಮತ್ತು ಒಟಿಟಿ ಹಕ್ಕಿನ ಹಣದ ಬಗ್ಗೆ ಒಂದೇ ಮಾತು. ಹಾಸ್ಯ ಚಿತ್ರವನ್ನು ಜನ ಮತ್ತೆ ಮತ್ತೆ ನೋಡುತ್ತಾರಾದ್ದರಿಂದ ವಾಹಿನಿಗಳಿಗೆ ಅದು ಬೇಕು, ಎಷ್ಟೋ ಸರಣಿಗಳ ಮುಂದಿನ ಭಾಗಕ್ಕೆ ಬಂಡವಾಳ ಹುಟ್ಟುವುದೇ ಅಲ್ಲಿಂದ. ಅದು ಬಾಕ್ಸ್ ಆಫೀಸ್ ಗಳಿಕೆಯಲ್ಲ. ಅದನ್ನು ಸೇರಿಸಿ 'ಒಟ್ಟು ಗಳಿಕೆ' ಎಂದು ಬರೆದಿದ್ದರೆ ಹಾಗೆಂದು ಸ್ಪಷ್ಟವಾಗಿ ಹೇಳಬೇಕು.

ನಿಮ್ಮ ಸಿನಿಮಾ ಪುಟದಲ್ಲಿ ಮುಂದೆ ಇಂಥ ಕೋಷ್ಟಕ ಹಾಕುವಾಗ ಹೀಗೆ ಮಾಡಬಹುದೆಂದು ನನ್ನ ಕೋರಿಕೆ. ತಲೆಪಟ್ಟಿಯಲ್ಲೇ ಗ್ರಾಸ್, ನೆಟ್ ಅಥವಾ ಶೇರ್ ಎಂದು ಬರೆಯಿರಿ, ಎಲ್ಲ ಭಾಗಗಳಿಗೂ ಒಂದೇ ಜಾತಿಯ ಅಂಕಿ ಸಿಗದಿದ್ದರೆ ಕೋಷ್ಟಕವನ್ನೇ ಬಿಡಿ. ಬಿಡುಗಡೆಯ ದಿನಾಂಕದ ಜೊತೆ ವಾರ ಮತ್ತು ಹಬ್ಬವನ್ನು ನಮೂದಿಸಿ. ಟಿಕೆಟ್ ಸಂಖ್ಯೆ ಅಂದಾಜಿನದಾದರೆ, ಯಾವ ಸರಾಸರಿ ದರದಿಂದ ಭಾಗಿಸಿದ್ದು ಎಂದು ಅಡಿಯಲ್ಲಿ ಹೇಳಿ. ದರ ಮಲ್ಟಿಪ್ಲೆಕ್ಸ್‌ನದೋ ಸಿಂಗಲ್ ಸ್ಕ್ರೀನ್‌ನದೋ ಎಂಬುದರ ಮೇಲೆ ಉತ್ತರ ದುಪ್ಪಟ್ಟೂ ಆಗಬಹುದು, ಅರ್ಧವೂ ಆಗಬಹುದು. ನಿರ್ಮಾಪಕರ ಪೋಸ್ಟರ್‌ನ ಅಂಕಿಯಾದರೆ 'ನಿರ್ಮಾಪಕರ ಹೇಳಿಕೆ' ಎಂಬ ಎರಡು ಪದ ಸಾಕು. ಮೊದಲ ವಾರಾಂತ್ಯ ಎಷ್ಟು ದಿನದ್ದು ಎಂದು ಆವರಣದಲ್ಲಿ ಹಾಕಿ, ಒಟ್ಟು ಗಳಿಕೆಯನ್ನು ಅದರಿಂದ ಭಾಗಿಸಿದ ಗುಣಕಕ್ಕೆ ಒಂದು ಕಾಲಂ ಕೊಡಿ. ಖರ್ಚಿನ ಅಂಕಿಯಲ್ಲಿ ತಾರೆಯರ ಸಂಭಾವನೆ ಮತ್ತು ಪ್ರಚಾರ ಸೇರಿದೆಯೋ ಇಲ್ಲವೋ ತಿಳಿಸಿ. ಇವೆರಡನ್ನು ಬಿಟ್ಟ ಬಜೆಟ್ ಎಷ್ಟು ಚಿಕ್ಕದಾಗಿಯಾದರೂ ಕಾಣುತ್ತದೆ.

ವಿದೇಶಿ ಸರಣಿಗಳ ಮೊತ್ತವನ್ನು ಇಂದಿನ ವಿನಿಮಯ ದರದಲ್ಲಿ ರೂಪಾಯಿಗೆ ತಿರುಗಿಸಿ ಕೊಡುವುದನ್ನೂ ದಯವಿಟ್ಟು ನಿಲ್ಲಿಸಿ. 1973ರ ಯೆನ್ ಅನ್ನು ಇಂದಿನ ರೂಪಾಯಿಗೆ ಬದಲಿಸಿದಾಗ ಬರುವ ಅಂಕಿ ಯಾವ ಕಾಲದ ಯಾವ ದೇಶದ ಹಣವೂ ಅಲ್ಲ. ಮೂಲ ನಾಣ್ಯದಲ್ಲೇ ಇರಲಿ, ಪಕ್ಕದಲ್ಲಿ ಟಿಕೆಟ್ ಸಂಖ್ಯೆ ಇರಲಿ. ಟೋರಾಸಾನ್ ಸರಣಿಗೆ 2019ರ ಡಿಸೆಂಬರ್‌ನಲ್ಲಿ ಹಳೆಯ ದೃಶ್ಯಗಳನ್ನು ಬಳಸಿ ಐವತ್ತನೇ ಚಿತ್ರವೂ ಬಂದಿದೆ (ಹಳೆಯ ಚಿತ್ರವೊಂದರ 1997ರ ವಿಶೇಷ ಆವೃತ್ತಿಯನ್ನು 49ನೆಯದೆಂದು ಎಣಿಸುತ್ತಾರೆ). ಆ ಚಿತ್ರದ ಗಳಿಕೆ ಗ್ರಾಸ್ ಲೆಕ್ಕದ್ದು, ಮೊದಲ 48ರದ್ದು ವಿತರಕರ ಪಾಲಿನದು. ಐವತ್ತನ್ನೂ ಒಂದೇ ಪಟ್ಟಿಯಲ್ಲಿ ಹಾಕುವ ಸಂದರ್ಭ ಬಂದರೆ ಹಣಕ್ಕೆ ಎರಡು ಕಾಲಂ ಮಾಡಿ, ನಡುವೆ ಒಂದು ಗೆರೆ ಎಳೆಯಿರಿ.

ಇಂತಿ,
ನಿಮ್ಮ ಸಿನಿಮಾ ಪುಟದ ಓದುಗ